ಅಮ್ಮ ಮೊದಲು ಊಟಕ್ಕೆ ಕೂತ್ಕೊಳ್ಳಲಿ

ಭಾಗ 1

ಈ ಫೋಟೋದಲ್ಲಿರೋ ಬಟ್ಟಲು ನೋಡಿ ಯಾವುದೋ ಪಾಪುವಿನ ಊಟ ಅನ್ಕೊಂಡ್ರಾ? ಇದು ನಲವತ್ನಾಲ್ಕು ವರ್ಷದ ನಮ್ಮಮ್ಮನ ಮಧ್ಯಾಹ್ನದ ಊಟ. ಒಂದು ಬೇಯಿಸಿದ ಮೊಟ್ಟೆ, ಎರಡು ಚಮಚ ಗಟ್ಟಿ ತೊವ್ವೆ, ಮೆತ್ತಗೆ ಬೆಂದ ಸೋರೆಕಾಯಿ ಸ್ವಲ್ಪ. ಅಷ್ಟೇ. ಇದನ್ನ ಮುಗಿಸೋಕೆ ಅವರಿಗೆ ಇಪ್ಪತ್ತೈದು ನಿಮಿಷ ಬೇಕು. ಅವಸರ ಮಾಡಿದ್ರೆ ಒಳಗೆ ಹೋಗಿದ್ದು ಅದೇ ದಾರೀಲಿ ವಾಪಸ್ ಬರುತ್ತೆ.

ಕಳೆದ ಆಷಾಢದಲ್ಲಿ ಅಮ್ಮನಿಗೆ ತೂಕ ಇಳಿಸೋ ಆಪರೇಷನ್ ಆಯ್ತು. ಬೇರಿಯಾಟ್ರಿಕ್ ಸರ್ಜರಿ ಅಂತಾರಲ್ಲ, ಅದು. ಆಷಾಢವೇ ಯಾಕೆ ಅಂದ್ರೆ ಆಗ ಮದುವೆ, ಗೃಹಪ್ರವೇಶ ಯಾವುದೂ ಇರಲ್ಲ, ಬ್ಲೌಸ್ ಹೊಲಿಯೋ ಆರ್ಡರ್ ಕಡಿಮೆ, ಯಾರೂ ಊಟಕ್ಕೆ ಕರೆಯಲ್ಲ. ಲೆಕ್ಕ ಹಾಕಿ ಡೇಟ್ ಫಿಕ್ಸ್ ಮಾಡಿದ್ದು ಅಮ್ಮನೇ. ಈ ಸೀರೀಸ್ ಬರೀಲಾ ಅಂತ ಕೇಳಿದಾಗ "ನನ್ನ ಮುಖ ಹಾಕ್ಬೇಡ, ಬಟ್ಟಲು ಬೇಕಾದ್ರೆ ಹಾಕ್ಕೋ" ಅಂದ್ರು. ಹಂಗಾಗಿ ಎಂಟೂ ಪೋಸ್ಟ್‌ನಲ್ಲಿ ನಿಮಗೆ ಸಿಗೋದು ಬರೀ ಪಾತ್ರೆ ಪಡಗ.

ಕಾಮೆಂಟ್‌ನಲ್ಲಿ "ಎಷ್ಟು ಕೆಜಿ ಇಳಿದ್ರು?" ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ. ಹೇಳಲ್ಲ. ಬಿಫೋರ್, ಆಫ್ಟರ್ ಫೋಟೋನೂ ಇಲ್ಲ. ಅದಕ್ಕೆ ಬೇರೆ ಪೇಜ್‌ಗಳು ಸಾವಿರ ಇವೆ.

ನನ್ನ ವಾದ ಇಷ್ಟು. ಈ ಆಪರೇಷನ್ ಆದಮೇಲೆ ಮತ್ತೆ ತಿನ್ನೋದು ಕಲಿಯೋದು ಪೇಷಂಟ್ ಒಬ್ಬರ ಹಣೆಬರಹ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದಾರೆ. "ವಿಲ್ ಪವರ್ ಬೇಕಮ್ಮ" ಅಂತ ಒಂದು ಮಾತು ಹೇಳಿ ಕೈ ತೊಳ್ಕೊಳ್ತಾರೆ. ಹತ್ತು ತಿಂಗಳು ಹತ್ತಿರದಿಂದ ನೋಡಿದ ಮೇಲೆ ನನಗನ್ಸಿದ್ದು, ಇದರಲ್ಲಿ ವಿಲ್ ಪವರ್ ಪಾಲು ಕಾಲು ಭಾಗ ಇರಬಹುದು. ಉಳಿದಿದ್ದು ಮನೆ ಯಾವಾಗ ಊಟ ಮಾಡುತ್ತೆ, ಯಾರು ಮೊದಲು ಕೂರ್ತಾರೆ, ಯಾರು ಬಡಿಸ್ತಾರೆ ಅನ್ನೋದರ ಮೇಲೆ ನಿಂತಿದೆ. ಅದನ್ನ ಬದಲಾಯಿಸೋ ಶಕ್ತಿ ಹೆಚ್ಚಾಗಿ ಪೇಷಂಟ್ ಕೈಯಲ್ಲಿ ಇರಲ್ಲ. ಆ ಪೇಷಂಟ್ ಮನೆಯ ಹೆಂಗಸಾಗಿದ್ರಂತೂ ಮುಗೀತು.

ಭಾಗ 2

ಮೊದಲು ಏನು ಮಾಡ್ತಾರೆ ಅಂತ ಬೇಗ ಹೇಳಿ ಮುಗಿಸ್ತೀನಿ. ನಾನು ಬಿಕಾಂ, ಎಂಬಿಬಿಎಸ್ ಅಲ್ಲ, ಆದ್ರೆ ಡಾಕ್ಟರ್ ಚಿತ್ರ ಬರೆದು ತೋರಿಸಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ.

ಅಮ್ಮನಿಗೆ ಆಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿನೇ ತೆಗೆದುಬಿಡ್ತಾರೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಶುರುವಿನಲ್ಲಿ ಅದಕ್ಕೆ ಹಿಡಿಯೋದು 100ರಿಂದ 150 ಎಂಎಲ್, ಹೋಟೆಲ್‌ನಲ್ಲಿ ಕೊಡೋ ಚಿಕ್ಕ ಕಾಫಿ ಲೋಟ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟು. ನಮ್ಮ ನಿಮ್ಮ ಹೊಟ್ಟೆ ಊಟ ಆದಾಗ ಹಿಗ್ಗಿ ಒಂದು ಲೀಟರ್‌ಗಿಂತ ಜಾಸ್ತಿ ಹಿಡಿಯುತ್ತೆ. ಇನ್ನೊಂದು ವಿಧ ಬೈಪಾಸ್. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಮಾಡಿ ನೇರ ಸಣ್ಣ ಕರುಳಿಗೆ ಜೋಡಿಸ್ತಾರೆ.

ಈಗ "ಶಾರ್ಟ್‌ಕಟ್" ವಿಚಾರ. ನಮ್ಮ ಕ್ಲಾಸಲ್ಲೇ ಒಬ್ರು ಅಂದಿದ್ದು, "ಜಿಮ್‌ಗೆ ಹೋಗೋ ಬದಲು ಹೊಟ್ಟೆ ಕತ್ತರಿಸ್ಕೊಂಡ್ರೆ ಮುಗೀತಲ್ಲ." ಫ್ರೆಂಡ್ಸ್, ಇನ್ಶೂರೆನ್ಸ್ ಪೇಪರ್‌ಗೆ ಓದ್ತಿದೀರ ತಾನೆ? ಐಆರ್‌ಡಿಎಐ 2019ರಲ್ಲಿ ಹೆಲ್ತ್ ಪಾಲಿಸಿಗಳ ಎಕ್ಸ್‌ಕ್ಲೂಷನ್‌ಗಳಿಗೆಲ್ಲ ಒಂದೇ ಥರದ ಭಾಷೆ ಕೊಡ್ತು. ಅದರಲ್ಲಿ ಬೊಜ್ಜಿನ ಆಪರೇಷನ್ ಬಗ್ಗೆ ಇರೋ ಕ್ಲಾಸ್ ಓದಿ. ಡಾಕ್ಟರ್ ಸಲಹೆ ಇರ್ಬೇಕು. 18 ವರ್ಷ ತುಂಬಿರ್ಬೇಕು. ಬಿಎಂಐ 40 ಅಥವಾ ಅದಕ್ಕಿಂತ ಜಾಸ್ತಿ ಇರ್ಬೇಕು, ಇಲ್ಲಾಂದ್ರೆ 35ರ ಮೇಲಿದ್ದು ಹೃದಯದ ಕಾಯಿಲೆ, ತೀವ್ರವಾದ ಸ್ಲೀಪ್ ಆಪ್ನಿಯಾ, ಕಂಟ್ರೋಲ್‌ಗೆ ಬಾರದ ಟೈಪ್ 2 ಶುಗರ್ ಇಂಥದ್ದೇನಾದ್ರೂ ಇರ್ಬೇಕು. ಜೊತೆಗೆ ತೂಕ ಇಳಿಸೋ ಬೇರೆ ಸುಲಭದ ದಾರಿಗಳೆಲ್ಲ ಫೇಲ್ ಆಗಿರ್ಬೇಕು. ಶಾರ್ಟ್‌ಕಟ್ ಅನ್ನೋರಿಗೆ ಪಾಲಿಸಿ ಡಾಕ್ಯುಮೆಂಟ್‌ನಲ್ಲೇ ಉತ್ತರ ಪ್ರಿಂಟ್ ಆಗಿದೆ! ಉಳಿದ ದಾರಿಗಳೆಲ್ಲ ಮುಚ್ಚಿದ ಮೇಲೆ ಬರೋ ದಾರಿ ಇದು.

ಅಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್. ಮಂಡಿ ನೋವಿಗೆ ಹೊಲಿಗೆ ಮೆಷಿನ್ ಪೆಡಲ್ ತುಳಿಯೋಕಾಗದೆ ಮೋಟರ್ ಹಾಕಿಸಿದ್ವಿ. ವಾಕಿಂಗ್, ಡಯಟ್, ಸಂಜೆ ಊಟ ಬಿಟ್ಟು ಎರಡು ಚಪಾತಿ, ಎಲ್ಲ ಮಾಡಿದ್ರು. ಇಳಿಯೋದು ಆರು ಕೆಜಿ, ಏರೋದು ಎಂಟು.

ಭಾಗ 3

ಈ ಫೋಟೋದಲ್ಲಿರೋದು ಟಾನಿಕ್ ಜೊತೆ ಬರುತ್ತಲ್ಲ, ಆ ಸಣ್ಣ ಪ್ಲಾಸ್ಟಿಕ್ ಕಪ್. ಆಪರೇಷನ್ ಆದ ಮೊದಲ ದಿನಗಳಲ್ಲಿ ಅಮ್ಮನ ಊಟದ ತಟ್ಟೆ ಇದೇ ಆಗಿತ್ತು. ನೀರು, ಎಳನೀರು, ಸೋಸಿದ ತಿಳಿ ಸಾರು. ಒಂದೊಂದೇ ಗುಟುಕು. ಗಟಗಟ ಅಂತ ಕುಡಿಯೋ ಹಾಗಿಲ್ಲ, ಸ್ಟ್ರಾ ಹಾಕೋ ಹಾಗಿಲ್ಲ.

ಆಮೇಲೆ ಸುಮಾರು ಎರಡು ವಾರ ಪೂರ್ತಿ ದ್ರವ. ಮಜ್ಜಿಗೆ, ಹಾಲು, ಪ್ರೋಟೀನ್ ಪೌಡರ್, ನುಣ್ಣಗೆ ಮಾಡಿದ ಬೇಳೆ ಕಟ್ಟು. ಅದಾದ ಮೇಲೆ ಮಿಕ್ಸಿಗೆ ಹಾಕಿದ್ದು. ಅದಾದ ಮೇಲೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರೋಕೆ ಆರರಿಂದ ಎಂಟು ವಾರ. ಒಂದೊಂದು ಆಸ್ಪತ್ರೆ ಚಾರ್ಟ್ ಒಂದೊಂದು ಥರ ಇರುತ್ತೆ, ದಯವಿಟ್ಟು ನನ್ನ ಕ್ಯಾಪ್ಷನ್ ನೋಡಿ ಯಾರಿಗೂ ಊಟ ಕೊಡ್ಬೇಡಿ.

ವಿಚಿತ್ರ ಏನಂದ್ರೆ ಅಮ್ಮನಿಗೆ ಹಸಿವೇ ಇರ್ಲಿಲ್ಲ. ಹಸಿವಿನ ಹಾರ್ಮೋನ್ ಗ್ರೆಲಿನ್ ಮುಖ್ಯವಾಗಿ ತಯಾರಾಗೋದು ಜಠರದ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ತೆಗೆಯೋದೂ ಅದೇ ಭಾಗವನ್ನ. "ಹೊಟ್ಟೆ ಚುರುಗುಟ್ಟುತ್ತೆ ಅನ್ನೋದೇ ಮರೆತುಹೋಗಿದೆ ಕಣೇ" ಅಂತಿದ್ರು. ಕೇಳೋಕೆ ವರ ಥರ ಇದೆ ಅಲ್ವಾ? ಆದ್ರೆ ಯೋಚಿಸಿ ನೋಡಿ. ಹೊಟ್ಟೆ ಕರೆಯದೇ ಇದ್ರೆ ಊಟದ ಹೊತ್ತು ಯಾರು ಹೇಳ್ತಾರೆ? ಗಡಿಯಾರ ನೋಡಿ ತಿನ್ಬೇಕು. ಗಡಿಯಾರ ನೋಡಿ ತಿನ್ನೋಕೆ ಆ ಹೊತ್ತಿಗೆ ಕೈ ಖಾಲಿ ಇರ್ಬೇಕು. ಅಸಲಿ ತೊಂದರೆ ಶುರುವಾಗೋದು ಅಲ್ಲೇ. ಅದಕ್ಕೆ ಐದನೇ ಭಾಗದಲ್ಲಿ ಬರ್ತೀನಿ.

ಭಾಗ 4

ಎಕನಾಮಿಕ್ಸ್‌ನಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಓದಿದ್ವಿ. ಒಂದನ್ನ ಆರಿಸ್ಕೊಂಡಾಗ ಕೈಬಿಟ್ಟ ಇನ್ನೊಂದರ ಬೆಲೆ. ಗನ್ ಮತ್ತು ಬೆಣ್ಣೆ ಉದಾಹರಣೆ ಕೊಟ್ಟು ಸರ್ ನಮ್ಮನ್ನ ಮಲಗಿಸಿದ್ರು. ಅದು ನನಗೆ ಅರ್ಥ ಆಗಿದ್ದು ಅಡುಗೆಮನೇಲಿ.

ಅಮ್ಮನಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಅಂತ ಡಯಟಿಷಿಯನ್ ಹೇಳಿದ್ರು. ಇದು ಕಡಿಮೆ ಆದ್ರೆ ತೂಕದ ಜೊತೆ ಮಾಂಸಖಂಡವೂ ಕರಗುತ್ತೆ. ಈಗ ಲೆಕ್ಕ ಹಾಕಿ. ಒಂದು ಮೊಟ್ಟೇಲಿ ಸುಮಾರು 6 ಗ್ರಾಂ. ಒಂದು ಲೋಟ ಹಾಲಲ್ಲಿ 6ರಿಂದ 7. ಐವತ್ತು ಗ್ರಾಂ ಪನೀರ್‌ನಲ್ಲಿ 9ರ ಹತ್ತಿರ. ನೂರು ಗ್ರಾಂ ಅನ್ನದಲ್ಲಿ 3 ಗ್ರಾಂ ಕೂಡ ಇಲ್ಲ. ಹೊಟ್ಟೇಲಿ ಜಾಗ ಇರೋದೇ ಒಂದು ಕಾಫಿ ಲೋಟದಷ್ಟು. ಅದರಲ್ಲಿ ಎರಡು ತುತ್ತು ಅನ್ನ ಹೋದ್ರೆ ಮೊಟ್ಟೆಗೆ ಜಾಗ ಇಲ್ಲ. ಅದಕ್ಕೇ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದ್ರೆ ಅನ್ನ. ನಮ್ಮ ಊಟದ ಕ್ರಮವೇ ತಲೆಕೆಳಗು. ನಮಗೆ ಅನ್ನ ಅಥವಾ ಮುದ್ದೆ ಊಟ, ಉಳಿದಿದ್ದೆಲ್ಲ ನೆಂಚಿಕೊಳ್ಳೋಕೆ.

ಮುದ್ದೆ ಬಗ್ಗೆ ಹೇಳ್ಲೇಬೇಕು. ನಮ್ಮ ತುಮಕೂರು ಕಡೆಯವರಿಗೆ ಮುದ್ದೆ ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಮುರಿದು, ಬಸ್ಸಾರಲ್ಲಿ ಅದ್ದಿ, ನುಂಗ್ಬೇಕು. ಅಗಿಯೋ ಹಾಗಿಲ್ಲ, ಹಲ್ಲಿಗೆ ಅಂಟ್ಕೊಳ್ಳುತ್ತೆ. ಆಪರೇಷನ್ ಆದವರಿಗೆ ಇರೋ ಮೊದಲ ರೂಲ್ ಏನು ಗೊತ್ತಾ? ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಿರಿ, ಏನನ್ನೂ ಹಾಗೇ ನುಂಗ್ಬೇಡಿ! ನಲವತ್ತು ವರ್ಷ ನುಂಗೋದನ್ನೇ ಕಲಿತ ಗಂಟಲಿಗೆ ಹೊಸ ಪಾಠ. ರಾಗಿ ಒಳ್ಳೇದೇ, ಕ್ಯಾಲ್ಸಿಯಂ ವಿಷಯದಲ್ಲಿ ಅಕ್ಕಿ ಗೋಧಿ ಹತ್ತಿರ ಬರಲ್ಲ. ಆದ್ರೆ ಮುದ್ದೆ ರೂಪದಲ್ಲಿ ಅದು ಆ ಸಣ್ಣ ಕೊಳವೆಗೆ ಕಲ್ಲು. ಮೂರನೇ ತಿಂಗಳಲ್ಲಿ ಅಮ್ಮ ನಿಂಬೆಹಣ್ಣಿನಷ್ಟು ಮುದ್ದೆ ತಟ್ಟೆಗೆ ಹಾಕ್ಕೊಂಡು, ಕಡಲೆಕಾಳಿನಷ್ಟು ಮುರಿದು, ಅಗಿದು ನೋಡಿದ್ರು. ಎರಡನೇ ತುತ್ತಿಗೆ ಎದೆ ಹತ್ರ ಸಿಕ್ಕಾಕ್ಕೊಂಡ ಹಾಗಾಗಿ ಬಾಯಲ್ಲಿ ನೊರೆ ನೊರೆ ನೀರು. "ಮುದ್ದೆ ಅಗಿದು ತಿನ್ನೋದೂ ಒಂದು ಊಟವಾ" ಅಂತ ಅಜ್ಜಿ ಗೊಣಗಿದ್ರು. ಅಮ್ಮ ಏನೂ ಹೇಳದೆ ಎದ್ದು ಹೋದ್ರು. ಅವತ್ತು ರಾತ್ರಿ ಅತ್ತಿದ್ದು ನನಗೆ ಗೊತ್ತು. ಗಂಟಲು ನೋವಿಗೆ ಅತ್ತಿದ್ದಲ್ಲ ಅದು. ತವರಿನಿಂದ ಬಂದ ಊಟ, ಅವರಮ್ಮ ಕೈಯಲ್ಲಿ ಕಟ್ಟಿಕೊಟ್ಟಿದ್ದ ಊಟ, ಅದು ಇನ್ನು ಹೊಟ್ಟೆಗೆ ಬೇಡ ಅಂತಿದೆ. ಇಂಥ ದುಃಖಕ್ಕೆ ಯಾವ ಚಾರ್ಟ್‌ನಲ್ಲೂ ಕಾಲಂ ಇಲ್ಲ.

ಈಗ ಅಂಬಲಿ ಕುಡೀತಾರೆ. ಅದೂ ಊಟದ ಜೊತೆ ಅಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು. ಊಟದ ಮಧ್ಯೆ ನೀರು, ಮಜ್ಜಿಗೆ ಏನೂ ಇಲ್ಲ. ಪಕ್ಕದಲ್ಲಿ ಚೊಂಬು ನೀರಿಲ್ಲದೆ ಊಟಕ್ಕೆ ಕೂತು ನೋಡಿ ಒಂದು ದಿನ, ಎಷ್ಟು ಕಷ್ಟ ಅಂತ ತಿಳಿಯುತ್ತೆ.

ಭಾಗ 5

ಈಗ ನಿಮಗೊಂದು ಪ್ರಶ್ನೆ. ನಿಮ್ಮ ಮನೇಲಿ ನಿಮ್ಮಮ್ಮ ಎಷ್ಟು ಗಂಟೆಗೆ ಊಟ ಮಾಡ್ತಾರೆ? ಎಲ್ಲಿ ಕೂತ್ಕೊಂಡು? ಫೋನ್ ಕೆಳಗಿಟ್ಟು ಯೋಚಿಸಿ. ನಾನು ನಮ್ಮ ಕ್ಲಾಸಿನ ಹನ್ನೆರಡು ಜನರನ್ನ ಕೇಳಿದೆ. ಒಂಬತ್ತು ಜನಕ್ಕೆ ಟೈಮ್ ಗೊತ್ತಿರ್ಲಿಲ್ಲ. "ನಾವು ತಿಂದಾದ್ಮೇಲೆ" ಅಂದ್ರು. ಇದೇನು ಸರ್ವೇ ಅಲ್ಲ, ಕ್ಯಾಂಟೀನ್ ಮಾತು, ಆದ್ರೂ.

ನಮ್ಮ ಮನೆ ಕಥೆ ಕೇಳಿ. ಅಪ್ಪ ಅಂಗಡಿಯಿಂದ ಒಂದೂವರೆಗೆ ಬರ್ತಾರೆ, ತಮ್ಮ ಪಿಯು ಕಾಲೇಜಿಂದ ಎರಡಕ್ಕೆ, ಅಜ್ಜಿಗೆ ಹನ್ನೆರಡೂವರೆಗೇ ಊಟ ಆಗ್ಬೇಕು. ಮೂರು ಸಲ ಬಿಸಿ ಮಾಡಿ ಬಡಿಸಿ, ಅಮ್ಮ ಕೂರೋ ಹೊತ್ತಿಗೆ ಮೂರು ಗಂಟೆ. ಕೂರೋದು ಅನ್ನೋದೂ ಸುಳ್ಳು, ಅಡುಗೆ ಕಟ್ಟೆಗೆ ಒರಗಿ ನಿಂತು ಐದು ನಿಮಿಷದಲ್ಲಿ ಮುಗಿಸ್ತಿದ್ರು. ತಿಂತಿದ್ದದ್ದು ಏನು? ಪಾತ್ರೆ ತಳದಲ್ಲಿ ಉಳಿದಿದ್ದು. ತಮ್ಮ ಬಿಟ್ಟ ಅರ್ಧ ಚಪಾತಿ. ನಿನ್ನೆಯ ಚಿತ್ರಾನ್ನ. "ಅನ್ನ ಎಸೆದ್ರೆ ಪಾಪ" ಅಂತ. ಬಿಕಾಂ ಭಾಷೇಲಿ ಹೇಳೋದಾದ್ರೆ, ಮನೆಯ ಕ್ಲೋಸಿಂಗ್ ಸ್ಟಾಕ್ ಎಲ್ಲ ದಿನಾ ಅಮ್ಮನ ಹೊಟ್ಟೆಗೆ ಕ್ಯಾರಿ ಫಾರ್ವರ್ಡ್ ಆಗ್ತಿತ್ತು. ಯಾವ ಊಟದಲ್ಲಿ ಎಷ್ಟು ತಿಂದ್ರು ಅಂತ ಅವರಿಗೂ ಗೊತ್ತಿಲ್ಲ. ಅದು ಊಟ ಅಂತ ಲೆಕ್ಕಕ್ಕೇ ಇಲ್ಲ. ಪಕ್ಕದ ಮನೆಯವರು ಮಾತ್ರ "ನಿಮ್ಮಮ್ಮ ತುಂಬಾ ಕಡಿಮೆ ಊಟ ಮಾಡ್ತಾರೆ, ಆದ್ರೂ ಯಾಕೆ ದಪ್ಪ" ಅಂತ ಆಶ್ಚರ್ಯ ಪಡ್ತಿದ್ರು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5, ಅಂದ್ರೆ 2019–21ರದ್ದು, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನ ತೂಕ ಜಾಸ್ತಿ ಇರೋರು ಅಥವಾ ಬೊಜ್ಜಿರೋರು ಅಂತ ಹೇಳುತ್ತೆ. ಇವರೆಲ್ಲ ತಿಂಡಿಪೋತರು ಅಂತ ನಂಬೋರು ಒಂದು ವಾರ ಅವರ ಅಡುಗೆಮನೇಲಿ ನಿಂತು ನೋಡ್ಲಿ.

ಈಗ ಡಯಟಿಷಿಯನ್ ಕೊಟ್ಟ ಹಾಳೆ ನೋಡಿ. ದಿನಕ್ಕೆ ಐದಾರು ಸಲ, ನಿಗದಿತ ಹೊತ್ತಿಗೆ, ಕೂತ್ಕೊಂಡು, ಟಿವಿ ಫೋನ್ ಇಲ್ಲದೆ, ಇಪ್ಪತ್ತರಿಂದ ಮೂವತ್ತು ನಿಮಿಷ ನಿಧಾನವಾಗಿ, ತನಗೆ ಅಂತ ಬೇರೆ ಮಾಡಿದ್ದನ್ನ ತಿನ್ಬೇಕು. ಬೇರೆಯವರ ತಟ್ಟೇಲಿ ಉಳಿದಿದ್ದು ಮುಟ್ಟೋ ಹಾಗಿಲ್ಲ. ಓದಿದಾಗ ನನಗೆ ನಗು ಬಂತು. ಇದು ನಮ್ಮ ಮನೇಲಿ ಅಪ್ಪನ ಊಟದ ವರ್ಣನೆ! ಯಾರಿಗೂ ಹೊಸದಲ್ಲ, ಅಮ್ಮನಿಗೆ ಮಾತ್ರ ಹೊಸದು. ಇಪ್ಪತ್ತಮೂರು ವರ್ಷ ಆ ಮನೇಲಿ ಅಡುಗೆ ಮಾಡಿ, ಕೂತು ಊಟ ಮಾಡೋ ಹಕ್ಕು ಬರೋಕೆ ಮುಕ್ಕಾಲು ಜಠರ ಕೊಡ್ಬೇಕಾಯ್ತು.

ಇದನ್ನ ಕೋಪದಲ್ಲಿ ಬರೆದಿದೀನಿ ಅಂತ ಅನ್ಸಿದ್ರೆ, ಹೌದು.

ಭಾಗ 6

ಮೊದಲ ಎರಡು ಮೂರು ತಿಂಗಳು ಮನೆ ಚೆನ್ನಾಗಿಯೇ ನಡೀತು. ಅದಕ್ಕೆ ಕಾರಣ ನಮ್ಮಜ್ಜಿ ಅಂದ್ರೆ ನಂಬ್ತೀರಾ? ಶುರುವಿನಲ್ಲಿ ಅವರಿಗೆ ಇದೇನೂ ಅರ್ಥ ಆಗ್ತಿರ್ಲಿಲ್ಲ. "ಒಂದು ತುತ್ತು ಉಣ್ಣವ್ವ, ನಿತ್ರಾಣ ಆಗ್ತೀಯ" ಅಂತ ಹಿಂದೆ ಹಿಂದೆ ಓಡಾಡ್ತಿದ್ರು. ಒಂದು ದಿನ ಅವರೇ ಅಂದ್ರು, "ಓ, ಇದು ಬಾಣಂತನ ಇದ್ದಂಗೆ." ಅಷ್ಟೇ, ಎಲ್ಲ ಸಲೀಸಾಯ್ತು. ಬಾಣಂತಿಗೆ ಪಥ್ಯ ಇರುತ್ತೆ, ಅವಳ ಅಡುಗೆ ಬೇರೆ, ಅವಳಿಗೆ ಮೊದಲು ಊಟ, ಅವಳು ಕೆಲಸ ಮಾಡ್ಬಾರ್ದು, ತಣ್ಣಗಿದ್ದು ತಿನ್ಬಾರ್ದು, ಬಂದವರು ಒತ್ತಾಯ ಮಾಡ್ಬಾರ್ದು. ನಮ್ಮ ಮನೆಗಳಲ್ಲಿ ಹೆಂಗಸಿಗೆ ಕೂರಿಸಿ ಊಟ ಹಾಕೋದಕ್ಕೆ ಇರೋ ಒಂದೇ ಒಂದು ಒಪ್ಪಿತ ಫೈಲ್ ಅಂದ್ರೆ ಬಾಣಂತನ. ಅಜ್ಜಿ ಅಮ್ಮನನ್ನ ಆ ಫೈಲ್‌ಗೆ ಹಾಕಿದ್ರು. ತಾವೇ ಬೇಳೆ ಕಟ್ಟು ಮಾಡಿ ಸೋಸಿ ತಂದುಕೊಡ್ತಿದ್ರು. ಅಪ್ಪ ಪ್ರೋಟೀನ್ ಪೌಡರ್ ಕಲಸೋದು ಕಲಿತ್ರು, ಗಂಟು ಗಂಟಾಗಿ.

ಆದ್ರೆ ಬಾಣಂತನ ಮೂರು ತಿಂಗಳಿಗೋ ಐದು ತಿಂಗಳಿಗೋ ಮುಗಿಯುತ್ತೆ. ಇದು ಮುಗಿಯಲ್ಲ.

ಐದನೇ ತಿಂಗಳು ಕಾರ್ತಿಕ ದಾಟಿ ಮದುವೆ ಸೀಸನ್ ಬಂತು, ಬ್ಲೌಸ್ ಆರ್ಡರ್ ರಾಶಿ ಬಿತ್ತು. ಅಮ್ಮ ನೋಡೋಕೂ ಚೆನ್ನಾಗಿ ಆಗಿದ್ರು, ಎಲ್ಲ ಥರ ಊಟನೂ ಮಾಡ್ತಿದ್ರು, "ಈಗ ಹುಷಾರಾದ್ಲಲ್ಲ" ಅಂತ ಮನೆ ತನ್ನ ಹಳೇ ಟೈಮ್‌ಟೇಬಲ್‌ಗೆ ಜಾರಿತು. ಒಂದು ಗಂಟೆ ಊಟ ಎರಡಾಯ್ತು, ಎರಡು ಮೂರಾಯ್ತು, ಮತ್ತೆ ಅದೇ ಕಟ್ಟೆ, ಅದೇ ನಿಂತು ತಿನ್ನೋದು. ಒಂದು ವಾರ ದಿನ ಬಿಟ್ಟು ದಿನ ವಾಂತಿ. ಅಮ್ಮ ಯಾರಿಗೂ ಹೇಳ್ಲಿಲ್ಲ, "ನಂದೇ ತಪ್ಪು, ಬೇಗ ಬೇಗ ತಿಂದೆ" ಅಂತ. ಪದೇ ಪದೇ ವಾಂತಿ ಆದ್ರೆ ಬಿ1, ಅಂದ್ರೆ ಥಯಾಮಿನ್, ಬೇಗ ಕಡಿಮೆ ಆಗುತ್ತೆ, ನರಗಳಿಗೆ ತೊಂದರೆ ಆಗಬಹುದು, ಕಾಯದೆ ಫೋನ್ ಮಾಡ್ಬೇಕಿತ್ತು ಅಂತ ಡಾಕ್ಟರ್ ಬೈದ್ರು. ನಿಮ್ಮನೇಲಿ ಯಾರಿಗಾದ್ರೂ ಹೀಗಾದ್ರೆ ಕಾಯ್ಬೇಡಿ.

ನೆಟ್‌ನಲ್ಲಿ ಎಲ್ಲರೂ ಬರೆಯೋದು ಮೊದಲ ಎರಡು ತಿಂಗಳ ಬಗ್ಗೆ. ಗಂಜಿ ರೆಸಿಪಿ, ಪ್ಯೂರಿ ರೆಸಿಪಿ. ನನ್ನ ಅನಿಸಿಕೆ, ಕಷ್ಟದ ಕಾಲ ಅದಲ್ಲ. ಆಗ ಚಾರ್ಟ್ ಇರುತ್ತೆ, ಭಯ ಇರುತ್ತೆ, ಜನ ಇರ್ತಾರೆ. ಕಷ್ಟ ಶುರುವಾಗೋದು ಎಲ್ಲರಿಗೂ ಮರೆತುಹೋದ ಮೇಲೆ. ಎಷ್ಟೋ ಜನರಿಗೆ ಹಸಿವೂ ನಿಧಾನಕ್ಕೆ ವಾಪಸ್ ಬರೋದು ಆಗಲೇ. ಹೊತ್ತಿಗೆ ಸರಿಯಾಗಿ ಊಟ ಸಿಗದವರು ಮಧ್ಯೆ ಮಧ್ಯೆ ಬಿಸ್ಕತ್ತು, ಖಾರ, ಮಿಕ್ಸ್ಚರ್ ಬಾಯಿಗೆ ಹಾಕ್ತಾರೆ. ಅವು ಸಲೀಸಾಗಿ ಇಳಿಯುತ್ತವೆ, ಸಿಕ್ಕಾಕ್ಕೊಳ್ಳಲ್ಲ. ಮೊಟ್ಟೆ ಸಿಕ್ಕಾಕ್ಕೊಳ್ಳುತ್ತೆ, ಚಕ್ಲಿ ಕರಗುತ್ತೆ, ಎಂಥ ಅನ್ಯಾಯ ನೋಡಿ. ತೂಕ ವಾಪಸ್ ಬರೋದು ಹೀಗೇ. ಆಗ ಎಲ್ಲರೂ ಹೇಳ್ತಾರೆ, "ಅಷ್ಟು ದುಡ್ಡು ಹಾಕಿ ಆಪರೇಷನ್ ಮಾಡಿಸಿದ್ರೂ ಬಾಯಿ ಕಟ್ಟಲಿಲ್ಲ."

ದುಡ್ಡು ಅಂದಾಗ ನೆನಪಾಯ್ತು. ಆಪರೇಷನ್ ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ಒಂದು ಸಲ. ಬಿ12, ಐರನ್, ಕ್ಯಾಲ್ಸಿಯಂ, ವಿಟಮಿನ್ ಡಿ, ಮಲ್ಟಿವಿಟಮಿನ್ ಮಾತ್ರೆಗಳು ರೆವಿನ್ಯೂ ಎಕ್ಸ್‌ಪೆಂಡಿಚರ್, ಬದುಕಿರೋವರೆಗೂ. ಜೊತೆಗೆ ಆಗಾಗ ರಕ್ತ ಪರೀಕ್ಷೆ. ಮೊದಲನೇದಕ್ಕೆ ಸಾಲ ಮಾಡೋಕೆ ರೆಡಿ ಇರೋ ಮನೆಗಳು ಎರಡನೇದನ್ನ ಆರು ತಿಂಗಳಿಗೆ ನಿಲ್ಲಿಸಿಬಿಡ್ತವೆ. ನಾಲ್ಕನೇ ತಿಂಗಳಲ್ಲಿ ಅಮ್ಮನ ಕೂದಲು ಹಿಡಿ ಹಿಡಿ ಉದುರಿದಾಗ ಪಕ್ಕದ ಮನೆಯವರು "ಮಾತ್ರೆ ಹೀಟು, ಬಿಡ್ರೀ" ಅಂದ್ರು. ಅದು ತೂಕ ಬೇಗ ಇಳಿದಾಗ ಸಾಮಾನ್ಯವಾಗಿ ಆಗೋದು, ಮತ್ತೆ ಬರುತ್ತೆ. ಈಗ ಬರ್ತಿದೆ.

ಭಾಗ 7

ಈಗ ಹಬ್ಬ ಹುಣ್ಣಿಮೆ ವಿಚಾರ. ಫೋಟೋದಲ್ಲಿ ಬಾಳೆ ಎಲೆ ಮೇಲೆ ಕಾಣ್ತಿರೋದು ಒಂದು ಹೋಳಿಗೆಯ ಎಂಟನೇ ಒಂದು ಭಾಗ.

ಗೌರಿ ಗಣೇಶಕ್ಕೆ ಕಡುಬು, ದೀಪಾವಳಿಗೆ ಕಜ್ಜಾಯ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಯುಗಾದಿಗೆ ಹೋಳಿಗೆ. ಸಕ್ಕರೆ, ಬೆಲ್ಲ ಒಮ್ಮೆಲೇ ಕರುಳಿಗೆ ಇಳಿದ್ರೆ ಡಂಪಿಂಗ್ ಅಂತ ಆಗುತ್ತೆ. ಹತ್ತು ನಿಮಿಷದಿಂದ ಅರ್ಧ ಗಂಟೆ ಒಳಗೆ ಬೆವರು, ಎದೆ ಬಡಿತ, ತಲೆ ಸುತ್ತು, ಭೇದಿ. ಬೈಪಾಸ್ ಆದವರಿಗೆ ಇದು ಹೆಚ್ಚು, ಸ್ಲೀವ್ ಆದವರಿಗೂ ಆಗಬಹುದು. ಅಮ್ಮನಿಗೆ ದೀಪಾವಳಿಗೆ ಒಂದೇ ಕಜ್ಜಾಯಕ್ಕೆ ಆಯ್ತು. ಸೋದರತ್ತೆ ಬಂದಿದ್ರು, "ಹಬ್ಬದ ದಿನ ಬಾಯಿ ಸಿಹಿ ಮಾಡ್ಕೊಳ್ದೆ ಇರ್ಬಾರ್ದು" ಅಂತ ಕೈಯಲ್ಲಿ ಹಿಡಿದು ಬಾಯಿಗೇ ಇಟ್ರು. ನಾದಿನಿ ಬಾಯಿಗೆ ಇಟ್ಟ ಮೇಲೆ ಉಗುಳೋಕಾಗುತ್ತಾ?

ಮಾಘ ಮಾಸದಲ್ಲಿ ಒಂದು ಬೀಗರ ಊಟ. ಅದರಲ್ಲಿ ಬಡಿಸೋರು ಹೇಗಿರ್ತಾರೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಕೈ ಅಡ್ಡ ಇಟ್ರೆ ಕೈ ಮೇಲೇ ಹಾಕ್ತಾರೆ. ಎಲೆ ಖಾಲಿ ಆಗೋವರೆಗೂ ಎದ್ದೇಳೋ ಹಾಗಿಲ್ಲ, ಎಲೇಲಿ ಬಿಟ್ರೆ ಬೀಗರಿಗೆ ಅವಮಾನ. ಅಮ್ಮ ನಾಲ್ಕು ತುಂಡು ಮೆತ್ತಗಿನ ಮಟನ್ ಅಗಿದು ಅಗಿದು ತಿಂದು ಕೂತಿದ್ರು. ಎದುರು ಕೂತ ಒಬ್ಬರು, "ಅಡುಗೆ ಚೆನ್ನಾಗಿಲ್ವಾ? ಓ, ಆಪರೇಷನ್ ಅಲ್ವಾ, ಪಾಪ, ಇನ್ನು ಜೀವನದಲ್ಲಿ ಏನು ಸುಖ ಇದೆ ಬಿಡಿ" ಅಂದ್ರು. ಇಡೀ ಪಂಕ್ತಿ ತಿರುಗಿ ನೋಡ್ತು.

ನಾನು ನಮ್ಮ ಸಂಪ್ರದಾಯದ ವಿರೋಧಿ ಅಲ್ಲ. ಒತ್ತಾಯ ಮಾಡಿ ಬಡಿಸೋದು ಒಂದು ಕಾಲಕ್ಕೆ ದೊಡ್ಡ ಮಾತು. ಹೊಟ್ಟೆ ತುಂಬಾ ಊಟ ಸಿಗೋದೇ ಕಷ್ಟ ಇದ್ದ ಊರಲ್ಲಿ, ಸಂಕೋಚಕ್ಕೆ ಬೇಡ ಅನ್ನೋರಿಗೆ ಮೂರು ಸಲ ಕೇಳೋದು ಪ್ರೀತಿ. ನಮ್ಮಜ್ಜಿ ಬರಗಾಲ ಕಂಡವರು, ಅವರ ಒತ್ತಾಯ ನನಗೆ ಅರ್ಥ ಆಗುತ್ತೆ. ಆದ್ರೆ ಇಲ್ಲಿ "ಬೇಡ" ಅನ್ನೋದು ಸಂಕೋಚ ಅಲ್ಲ, ಅಳತೆ. ಮೊದಲ ಸಲ ಹೇಳಿದಾಗ್ಲೇ ಕೇಳ್ಬೇಕು. "ಊಟ ಬಲ್ಲವನಿಗೆ ರೋಗವಿಲ್ಲ" ಅಂತ ಗಾದೆ ಹೇಳೋರೇ, ಊಟ ಬಲ್ಲವಳು ಸಾಕು ಅಂದಾಗ ಇನ್ನೊಂದು ಸೌಟು ಹಾಕ್ತಾರೆ.

ಹಾಗಂತ ಹಬ್ಬಕ್ಕೆ ಅಮ್ಮನನ್ನ ಅಡುಗೆಮನೆಯಿಂದ ಹೊರಗಿಟ್ರೆ ಅದೂ ತಪ್ಪು. ಯುಗಾದಿಗೆ ಹೋಳಿಗೆ ಅವರೇ ತಟ್ಟಿದ್ರು. ಹೂರಣದ ರುಚಿ ನೋಡೋಕೆ ಸಾಸಿವೆ ಡಬ್ಬಿ ಚಮಚದಲ್ಲಿ ಸ್ವಲ್ಪ. ಊಟದ ಕೊನೇಲಿ, ಪ್ರೋಟೀನ್ ಎಲ್ಲ ಆದ ಮೇಲೆ, ಈ ಫೋಟೋದಲ್ಲಿರೋ ಚೂರು. ಐದು ನಿಮಿಷ ತಗೊಂಡು ತಿಂದ್ರು. ನಾನು ನಾಲ್ಕು ಹೋಳಿಗೆ ಎರಡು ನಿಮಿಷದಲ್ಲಿ ಮುಗಿಸಿದ್ದೆ. ರುಚಿ ಯಾರಿಗೆ ಸಿಕ್ತು ಅಂತ ನನಗೆ ಡೌಟ್ ಇದೆ.

ಭಾಗ 8

ಸರಿ, ನೀವೇನು ಮಾಡ್ಬಹುದು?

ಮನೇಲಿ ಆಪರೇಷನ್ ಆದವರು ಇದ್ರೆ, ಅವರ ಊಟದ ಹೊತ್ತನ್ನ ಮೊದಲು ಗುರುತು ಮಾಡಿ, ಉಳಿದವರ ಹೊತ್ತನ್ನ ಅದರ ಸುತ್ತ ಜೋಡಿಸಿ. ನಮ್ಮನೇಲಿ ಈಗ ಅಮ್ಮ ಹನ್ನೆರಡು ಮುಕ್ಕಾಲಿಗೆ ಕೂರ್ತಾರೆ, ಅಜ್ಜಿ ಜೊತೆಗೆ. ಅತ್ತೆ ಸೊಸೆ ಒಟ್ಟಿಗೆ ಕೂತು ಊಟ ಮಾಡ್ತಿರೋದು ಇಷ್ಟು ವರ್ಷದಲ್ಲಿ ಇದೇ ಮೊದಲು. ಇಬ್ಬರೂ ನಿಧಾನ, ಒಬ್ಬರಿಗೆ ಹಲ್ಲಿಲ್ಲ, ಇನ್ನೊಬ್ಬರಿಗೆ ಹೊಟ್ಟೆ ಇಲ್ಲ ಅಂತ ಅಜ್ಜಿನೇ ಜೋಕ್ ಮಾಡ್ತಾರೆ. ಅಪ್ಪ ಬಂದು ತಾವೇ ಬಡಿಸ್ಕೊಳ್ತಾರೆ. ಮೊದಲ ವಾರ ಉಪ್ಪಿನಕಾಯಿ ಎಲ್ಲಿದೆ ಅಂತ ಕೇಳೋಕೆ ಅಂಗಡಿಯಿಂದ ಬಂದ ಗಿರಾಕಿ ಥರ ನಿಂತಿದ್ರು, ಈಗ ಪರವಾಗಿಲ್ಲ. ಉಳಿದ ಅನ್ನದ ಜವಾಬ್ದಾರಿ ನನ್ನದು ಮತ್ತು ತಮ್ಮಂದು. ಅಳತೆ ನೋಡಿ ಅಕ್ಕಿ ಹಾಕ್ತೀವಿ, ಉಳಿದ್ರೆ ರಾತ್ರಿ ನಾವೇ ತಿಂತೀವಿ. ಇನ್ನೂ ವಾರಕ್ಕೊಂದು ದಿನ ಎಡವಟ್ಟಾಗುತ್ತೆ. ಮದುವೆ ಆರ್ಡರ್ ಇದ್ದಾಗ ಅಮ್ಮನೇ "ಇದೊಂದು ಹುಕ್ ಹಾಕಿ ಬರ್ತೀನಿ" ಅಂತ ಏಳಲ್ಲ. ಆಗ ಅಜ್ಜಿ ತಟ್ಟೆ ಮುಂದೆ ಇಟ್ಕೊಂಡು ತಿನ್ನದೆ ಕೂತುಬಿಡ್ತಾರೆ. ಅದಕ್ಕಿಂತ ದೊಡ್ಡ ಅಸ್ತ್ರ ನಮ್ಮತ್ರ ಇಲ್ಲ.

ಫ್ರೆಂಡ್ಸ್ ಪೈಕಿ ಯಾರಿಗಾದ್ರೂ ಆಗಿದ್ರೆ, ಅವರ ಪ್ಲೇಟ್ ನೋಡ್ಬೇಡಿ. ಕ್ಯಾಂಟೀನ್‌ನಲ್ಲಿ ಅವರು ಅರ್ಧ ಇಡ್ಲಿ ಬಿಟ್ಟು ಮೊಟ್ಟೆ ತಿಂದ್ರೆ ಕಾರಣ ಕೇಳ್ಬೇಡಿ. "ಇಷ್ಟೇನಾ?" ಅನ್ನೋ ಒಂದು ಪದ ನಿಮ್ಮ ಡಿಕ್ಷನರಿಯಿಂದ ತೆಗೀರಿ. "ಸಣ್ಣ ಆಗಿದೀಯ, ಸೂಪರ್" ಅನ್ನೋದೂ ಬೇಡ, ಹಾಗಂದ್ರೆ ಮೊದಲು ಚೆನ್ನಾಗಿರ್ಲಿಲ್ಲ ಅಂತ ತಾನೆ? ಸಿನಿಮಾಗೆ ಕರೀರಿ, ವಾಕಿಂಗ್‌ಗೆ ಕರೀರಿ. ನಾವು ಕರೆಯೋದೆಲ್ಲ ತಿನ್ನೋಕೇ ಅಂತ ನನಗೆ ಈ ಹತ್ತು ತಿಂಗಳಲ್ಲಿ ಗೊತ್ತಾಯ್ತು. ಬರ್ತ್‌ಡೇ ಅಂದ್ರೆ ಕೇಕು, ರಿಸಲ್ಟ್ ಅಂದ್ರೆ ಬಿರಿಯಾನಿ, ಬೇಜಾರಾದ್ರೆ ಗೋಬಿ.

ಇನ್ನು ನಿಮ್ಮಲ್ಲಿ ಕೆಲವರು ಡಿಎಂ ಮಾಡಿ "ನಾನೂ ಮಾಡಿಸ್ಕೊಳ್ಳಾ?" ಅಂತ ಕೇಳಿದೀರ. ಅದಕ್ಕೆ ಉತ್ತರ ಕೊಡೋಳು ನಾನಲ್ಲ, ಸರ್ಜನ್ ಮತ್ತು ಡಯಟಿಷಿಯನ್. ಅಮ್ಮನ ಶುಗರ್ ಮಾತ್ರೆ ಡಾಕ್ಟರ್ ಕಡಿಮೆ ಮಾಡಿದಾರೆ, ಮಂಡಿ ನೋವು ಇಳಿದಿದೆ, ಇಷ್ಟು ಹೇಳಬಲ್ಲೆ. ಕೇಳೋ ಮೊದಲು ನಿಮ್ಮ ಮನೆಯವರನ್ನ ಕೂರಿಸಿ ಒಂದು ಪ್ರಶ್ನೆ ಕೇಳಿ: ಒಂದು ವರ್ಷ ಆದಮೇಲೂ ನನ್ನ ಊಟದ ಹೊತ್ತಿಗೆ ನೀವು ಕಾಯ್ತೀರಾ?

ಅಮ್ಮನ ಡಯಟ್ ಚಾರ್ಟ್ ಕಳಿಸಿ ಅಂತ ಕೇಳ್ಬೇಡಿ, ಅದು ಅವರ ಹೊಟ್ಟೆ ಅಳತೆಗೆ ಹೊಲಿದ ಬ್ಲೌಸ್, ನಿಮಗೆ ಆಗಲ್ಲ. ಫ್ರಿಜ್ ಮೇಲೆ ಅಂಟಿಸಿರೋ ಮನೆ ಟೈಮ್‌ಟೇಬಲ್ ಬೇಕಿದ್ರೆ ಕಾಮೆಂಟ್‌ನಲ್ಲಿ "ಟೈಮ್" ಅಂತ ಹಾಕಿ, ಕಳಿಸ್ತೀನಿ. ಅದರಲ್ಲಿ ಅಪ್ಪ ಪಾತ್ರೆ ತೊಳೆಯೋ ದಿನಗಳಿಗೆ ಅಮ್ಮ ಕೆಂಪು ಪೆನ್‌ನಲ್ಲಿ ರೌಂಡ್ ಹಾಕಿದಾರೆ, ಅದನ್ನ ಅಳಿಸಲ್ಲ.